ದವಾಖಾನೆಯ ಬಾಗಿಲು ಕಾದದ್ದು

ರಜಾಕಾರರ ಗದ್ದಲ ಮುಗಿದು ಮೂರ್ನಾಲ್ಕು ವರ್ಷವಾಗಿರಬೇಕು. ನಮ್ಮತ್ತೆ ಬಚ್ಚಲಲ್ಲಿ ಜಾರಿ ತೊಡೆ ಮುರಿದುಕೊಂಡರು. ಬಳಗಾನೂರಿನಿಂದ ಗಾಡಿಯಲ್ಲಿ ಮಲಗಿಸಿಕೊಂಡು ಮಸ್ಕಿ ಮೇಲೆ ಹಾದು ಲಿಂಗಸುಗೂರಿನ ದವಾಖಾನೆಗೆ ತಂದೆವು. ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಎರಡು ತಿಂಗಳು ಏಳುವಂತಿಲ್ಲ. ಜೊತೆಗಿರಲು ಸೊಸೆಯಾದ ನಾನೇ ನಿಂತೆ.

ಹೆಂಗಸರ ವಾರ್ಡಿನಲ್ಲಿ ಎಂಟು ಮಂಚ, ಬಹುತೇಕ ಮುದುಕಿಯರೇ. ಮೂರನೆಯ ವಾರ ಬಾಗಿಲ ಬಳಿ ಮಲಗಿದ್ದವಳಿಗೆ ಕೆಮ್ಮು ಹತ್ತಿ ಥಂಡಿಜ್ವರ ಬಂತು. ಅದು ಮಂಚದಿಂದ ಮಂಚಕ್ಕೆ ದಾಟಿತು. ನಾಲ್ಕು ದಿನದಲ್ಲಿ ಇಬ್ಬರು ತೀರಿಕೊಂಡರು. ಡಾಕ್ಟರು ಅತ್ತೆಯ ಮಂಚವನ್ನು ಪಕ್ಕದ ಸಣ್ಣ ಕೋಣೆಗೆ ಸಾಗಿಸಿ, ನನ್ನನ್ನು ಕರೆದು, ಮಲಗಿದಲ್ಲೇ ಇರುವ ಮುದುಕಿಗೆ ಈ ಜ್ವರ ಎದೆಗಿಳಿದರೆ ಉಳಿಯುವುದು ಕಷ್ಟ, ಹೊರಗಿನವರನ್ನು ಹತ್ತಿರ ಬಿಡಬೇಡ ಎಂದರು.

ಮಲಗಿದವರನ್ನು ಮಾತಾಡಿಸಿ ಬರದಿದ್ದರೆ ನಮ್ಮ ಕಡೆ ಜನ್ಮದ ಮುನಿಸು. ಮರುದಿನವೇ ಎರಡು ಗಾಡಿ ತುಂಬ ನೆಂಟರು ಬಂದಿಳಿದರು. ಒಬ್ಬೊಬ್ಬರೂ ಅತ್ತೆಯ ಮುಖ ಸವರಿ, ವಿಭೂತಿ ಹಚ್ಚಿ, ಅತ್ತು ಹೋಗುವವರೇ. ನಾನು ಬಾಗಿಲಿಗೆ ಅಡ್ಡ ನಿಂತೆ. ನಾದಿನಿಯನ್ನೂ ಬಿಡಲಿಲ್ಲ. ಹೆತ್ತ ಮಗಳನ್ನೇ ತಡೆಯುವ ಸೊಸೆ ಎಂದು ಅಂಗಳದಲ್ಲೇ ನನ್ನ ಮಾನ ಹರಾಜಾಯಿತು. ನಾನೇನು ಕಮ್ಮಿಯೇ, ಒಂದಕ್ಕೆರಡು ಅಂದೆ. ಒಳಗೆ ಅತ್ತೆ ಎಲ್ಲ ಕೇಳಿಸಿಕೊಂಡು ಗೋಡೆಗೆ ಮುಖ ತಿರುಗಿಸಿದ್ದರು.

ನನಗೆ ಆಗಲೇ ಸಣ್ಣ ಕೆಮ್ಮು ಹತ್ತಿತ್ತು. ದವಾಖಾನೆಯ ಹಿಂದೆ ನಾನು ಅಡುಗೆ ಮಾಡುತ್ತಿದ್ದ ಒಲೆಯ ಹೊಗೆಯಿಂದ ಎಂದುಕೊಂಡು ಸೆರಗು ಒತ್ತಿ ಕೆಮ್ಮುತ್ತಿದ್ದೆ. ಮೂರನೆಯ ದಿನ ನನ್ನ ಮೈ ಸುಡತೊಡಗಿತು, ಅದೇ ಸಂಜೆ ಅತ್ತೆಯದೂ. ಯಾರಿಂದ ಬಂತೆಂದು ಬೇರೆ ಹೇಳಬೇಕಿರಲಿಲ್ಲ. ಊರನ್ನೆಲ್ಲ ತಡೆದು ಜ್ವರವನ್ನು ಒಳಗೆ ಒಯ್ದವಳು ನಾನೇ.

ಡಾಕ್ಟರು ಹೊತ್ತುಹೊತ್ತಿಗೆ ಸೂಜಿ ಹಾಕಿದರು. ನನ್ನ ಜ್ವರ ಎರಡೇ ದಿನಕ್ಕೆ ಬಿಟ್ಟಿತು, ಆದರೆ ಐದು ದಿನ ಅತ್ತೆಯ ಎದೆ ಗೊರಗೊರ ಅನ್ನುತ್ತಿತ್ತು. ಹೆಚ್ಚುಕಮ್ಮಿಯಾದರೆ ನಾದಿನಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ನನ್ನ ಕೊರಗು. ಆರನೆಯ ಬೆಳಿಗ್ಗೆ ಮೈಯೆಲ್ಲ ಬೆವೆತು ಜ್ವರ ಇಳಿಯಿತು. ಅತ್ತೆ ಕಣ್ಣು ಬಿಟ್ಟು ಅಂಬಲಿ ಕೇಳಿದರು. ಹೋದ ಜೀವ ಬಂದಂತಾಯಿತು ನನಗೆ. ಬಟ್ಟಲು ಹಿಡಿದು ಕೂತವಳಿಗೆ ಅಳು ತಡೆಯಲಾಗಲಿಲ್ಲ.

"ನನ್ನಿಂದನ ನಿಮಗ ಬಂತ್ರೀ ಅತ್ತಿ. ನನಗ ಮೊದಲ ಕೆಮ್ಮಿತ್ತು."

"ಗೊತ್ತೈತಿ, ಕೇಳತಿತ್ತು," ಎಂದರು ಅತ್ತೆ. "ಡಾಕ್ಟರಿಗೆ ಹೇಳಿದ್ರ ನಿನ್ನೂ ಹೊರಗ ಹಾಕತಿದ್ರು. ಆಮ್ಯಾಗ ನನ್ನ ಹತ್ರ ಯಾರ ಇರತಿದ್ರು?"

ನಾನು ಅತ್ತು ಮುಗಿಸುವಷ್ಟರಲ್ಲಿ ಅಂಬಲಿ ಆರಿಹೋಗಿತ್ತು. ಮತ್ತೆ ಬಿಸಿ ಮಾಡಿ ತಂದೆ.