ಗಂಗಾಬಾಯಿ ಕಲಿತ ಆಡಿಟ್ ಇಂಗ್ಲಿಷ್

ಗಂಗಾಬಾಯಿ ರೊಟ್ಟಿ ಬಡಿಯುತ್ತಲೇ ಇಂಗ್ಲಿಷ್ ಕಲಿಯುತ್ತಿದ್ದರು. ಹಿಟ್ಟಿನ ಮೇಲೆ ಅಂಗೈ ಬಿದ್ದಂತೆಲ್ಲ ಒಂದೊಂದು ಜೋಡಿ ಪದ ಹೊರಬೀಳುತ್ತಿತ್ತು: “ಆಡಿಟ್ ಕಂಡಕ್ಟ್, ರಿಪ್ಲೈ ಸಬ್ಮಿಟ್, ರೂಲ್ಸ್ ಕಂಪ್ಲಾಯ್ ವಿತ್!”

ಎಪ್ಪತ್ತರ ದಶಕದ ಸಿಂದಗಿ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅವರು ಹೆಣ್ಣುಮಕ್ಕಳ ವಸತಿಗೃಹ ನೋಡಿಕೊಳ್ಳುತ್ತಿದ್ದರು. ಮಾತು ಬಿರುಸು, ಬಡಿಸುವ ಕೈ ಧಾರಾಳ. ಜ್ವರ ಬಂದ ಹುಡುಗಿಯನ್ನು ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತಿದ್ದರು.

ಆಡಿಟ್ ಎಂದು ತಪಾಸಣೆಗೆ ಬಂದ ಸರ್ಕಾರಿ ಸಾಹೇಬರು ಬಚ್ಚಲಿಗೆ ಬಾಗಿಲಿಲ್ಲ, ಬಾವಿಗೆ ಕಟ್ಟೆಯಿಲ್ಲ, ನಿಯಮದಂತೆ ಸರಿಪಡಿಸದಿದ್ದರೆ ವಸತಿಗೃಹ ಮುಚ್ಚಬೇಕಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಗದರಿಸಿ ಹೋದರು. ಗಂಗಾಬಾಯಿ ಊರೆಲ್ಲ ಕಲ್ಲು ಬೇಡಿ ಕಟ್ಟೆ ಕಟ್ಟಿಸಿದರು. ತಮ್ಮ ಮನೆಯ ಬಾಗಿಲನ್ನೇ ಕೀಳಿಸಿ ಬಚ್ಚಲಿಗೆ ಕೂಡಿಸಿದರು. ಆಮೇಲೆ ನನ್ನ ಹತ್ತಿರ ಬಂದರು.

“ಅಕ್ಕಾರ, ಈ ಹುಡಿಗ್ಯಾರು ಒಮ್ಮೆ ಮನಿಗಿ ಹ್ವಾದ್ರ ಮತ್ತ ಸಾಲಿಗಿ ಬರೂದಿಲ್ರಿ. ಲಗ್ನಾ ಮಾಡಿ ಬಿಡ್ತಾರ. ಕಟ್ಟಿ, ಬಾಗಿಲಾ ಆಗ್ಯಾವಂತ ಸಾಹೇಬ್ರಿಗೆ ಅವರ ಮಾತಿನ್ಯಾಗ ಹೇಳ್ತೇನಿ, ನನಗ ಕಲಸ್ರಿ.”

ಕಲಿಸಿದೆ. ‘ಕಂಪ್ಲಾಯನ್ಸ್’ ಎಂದರೆ ಹೇಳಿದಂತೆ ನಡೆದದ್ದು, ‘ಕಂಪ್ಲೇಂಟ್’ ಎಂದರೆ ದೂರು. ಅವೆರಡೂ ಅವರ ನಾಲಿಗೆಯ ಮೇಲೆ ಮತ್ತೆ ಮತ್ತೆ ಕಲೆಯುತ್ತಿದ್ದವು.

ಸಾಹೇಬರು ಮತ್ತೆ ಬಂದ ದಿನ ಬಾಯಿ ಅವರ ಜೀಪಿನ ಹತ್ತಿರ ಓಡಿದರು. “ಸರ್, ವಿ ಹ್ಯಾವ್ ಕಂಪ್ಲೇಂಟ್...”

“ಯಾರ ಮ್ಯಾಲ?” ಸಾಹೇಬರ ಹುಬ್ಬು ಏರಿತು.

ಅವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, ಒಂದಕ್ಷರ ತಪ್ಪದೆ ಹೇಳಿದರು: “ವಿ ಹ್ಯಾವ್ ಕಂಪ್ಲೈಡ್ ವಿತ್ ದ ರೂಲ್ಸ್, ಸರ್. ಬರ್ರಿ, ಬಾಗಿಲಾ ನೋಡ್ರಿ.”

ಸಾಹೇಬರು ಜೀಪಿನಿಂದ ಇಳಿಯಲೇ ಇಲ್ಲ. “ಬಾಯಾರ, ಮುಚ್ಚೂ ಆರ್ಡರ್ ಆಗಿ ಹೋಗೈತಿ. ನಾ ಬರೇ ಕೊಡಾಕ ಬಂದೇನಿ.”

ಬಾಯಿ ಜೀಪಿನ ಮುಂದೆ ಕುಸಿದು ಕೂತರು. ನಾನು ಸಾಹೇಬರನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಯಾವುದೂ ನಾಟಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ಒಬ್ಬೊಬ್ಬಳನ್ನೇ ಬಸ್ಸು ಹತ್ತಿಸಿದರು. ಗೊಳಸಂಗಿಯ ನೀಲವ್ವ ಮಾತ್ರ ಅವರ ಸೆರಗು ಬಿಡಲಿಲ್ಲ. “ಬಾಯಾರ, ನನ್ನ ಕಳಸಬ್ಯಾಡ್ರಿ, ಗಂಡು ನೋಡಿ ಇಟ್ಟಾರ” ಎಂದು ಅತ್ತಳು.

“ನಡಿ, ನಾನೂ ಬರ್ತೇನಿ” ಎಂದವರೇ ಬಾಯಿ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ.

ರಜೆ ಮುಗಿದು ಶಾಲೆ ಮತ್ತೆ ತೆರೆದಾಗ ನೀಲವ್ವ ಟ್ರಂಕು ಹಿಡಿದು, ನನ್ನ ಮನೆಯಲ್ಲಿದ್ದು ಓದಲು ಬಂದಳು. ಉಳಿದವರಾರೂ ಬರಲಿಲ್ಲ. ಅವಳಪ್ಪ ಹೂಂ ಅನ್ನುವವರೆಗೂ ಬಾಯಿ ಅವನ ಅಂಗಳದಲ್ಲಿ ಅನ್ನ ನೀರು ಬಿಟ್ಟು ಕೂತಿದ್ದರಂತೆ. ಒಪ್ಪಿದ ಮೇಲೆ ಒಂದು ತಂಬಿಗೆ ನೀರು ಕುಡಿದು, ಎದ್ದು ನಡೆದರಂತೆ. ಎಲ್ಲಿಗೆ ಎಂದು ಯಾರೂ ಕೇಳಿರಲಿಲ್ಲ.