ಕೌದಿ ಕೋಣೆಯ ರೇಡಿಯೋ ಸ್ಟೇಷನ್

ಕರೆಂಟು ಹೋದರೆ ಬೇರೆಯವರು ಬೀಸಣಿಕೆ ಹುಡುಕುತ್ತಾರೆ, ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ನಿನ್ನೆ ಮಧ್ಯಾಹ್ನ ಬೆಟಗೇರಿಯ ನಮ್ಮ ಓಣಿಯ ಕರೆಂಟಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಾನು ಕೆಮ್ಮಿ ನೆಟ್ಟಗೆ ಕೂತೆ. "ಈಗ ಯಾರಿಗೆ ಉಪದೇಶಾ ಮಾಡವ್ರು ನೀವು?" ಎಂದಳು ಹೆಂಡತಿ. ಹಳೆಯ ಚಾಳಿ, ಏನು ಮಾಡೋಣ ಹೇಳಿ.

ಎಪ್ಪತ್ತರ ದಶಕದಲ್ಲಿ ನಮ್ಮ ಚರ್ಚಿನ ಹಿಂದೆ ಒಂದು ರೇಡಿಯೋ ಸ್ಟೇಷನ್ ಇತ್ತು. ಸ್ಟೇಷನ್ ಎನ್ನುವುದು ನಮ್ಮ ಜಂಬದ ಮಾತು. ಇದ್ದದ್ದು ಒಂದು ಕೋಣೆ, ಅದರೊಳಗೆ ಟೇಪ್ ರೆಕಾರ್ಡರು. ಅಲ್ಲಿ ರೆಕಾರ್ಡ್ ಮಾಡಿದ ಸುವಾರ್ತೆಯ ಕಾರ್ಯಕ್ರಮ ಟಪಾಲಿನಲ್ಲಿ ಸಮುದ್ರ ದಾಟಿ, ದೂರದೇಶದ ಕೇಂದ್ರವೊಂದರಿಂದ ಕೆಲವು ತಿಂಗಳ ಮೇಲೆ ನಮ್ಮ ರೇಡಿಯೋಗಳಿಗೇ ಗೊರಗೊರ ಎನ್ನುತ್ತ ತಿರುಗಿ ಬರುತ್ತಿತ್ತು. "ನಿಮ್ಮ ಕ್ರಿಸ್ಮಸ್ ಹಾಡು ಯುಗಾದಿಗೆ ಕೇಳ್ತಪಾ" ಎಂದು ಮುಂಡರಗಿಯ ನನ್ನ ಸೋದರಮಾವ ನಗುತ್ತಿದ್ದ.

ನಡೆಸುತ್ತಿದ್ದವರು ಸಮುವೇಲ ಮಾಸ್ತರರು, ಉಪದೇಶ ಮಾಡುತ್ತಿದ್ದವನು ನಾನು. ಹೊರಗಿನ ಸದ್ದು ತಡೆಯಲೆಂದು ಗೋಡೆಗೆಲ್ಲ ಹಳೆ ಸೀರೆ ಸೇರಿಸಿ ಹೊಲಿದ ಕೌದಿ ಬಡಿದಿದ್ದರು. ಅದರಿಂದ ನಾವು ಬೆವರಿದ್ದಷ್ಟೇ ಬಂತು. ಗೋಡೆಯಾಚೆಗೇ ನೇಕಾರ ಈರಪ್ಪನ ಕೈಮಗ್ಗ. ಅದು ಕೌದಿಗೆ ಬಗ್ಗುವ ಸದ್ದಲ್ಲ. ಅಮಾವಾಸ್ಯೆಗೆ ಮಾತ್ರ ನೇಕಾರರು ಮಗ್ಗ ಮುಟ್ಟುವುದಿಲ್ಲ. ಹೀಗಾಗಿ ಕ್ರಿಸ್ತನ ಸುವಾರ್ತೆ ಪಂಚಾಂಗ ನೋಡಿ ರೆಕಾರ್ಡ್ ಆಗುತ್ತಿತ್ತು. ಕೋಣೆಯಲ್ಲಿ ಪಂಚಾಂಗ ಕಂಡು ಚರ್ಚಿನ ಹಿರಿಯರು ಗೊಣಗಿದರು. "ಅಮಾಸಿ ಯಾವಾಗಂತ ನೀವು ಹೇಳ್ತಿದ್ರ ತಗೀತೀನ್ರಿ" ಎಂದರು ಮಾಸ್ತರರು.

ಈರಪ್ಪನಿಗೆ ಹೇಳಿ ಬೇರೆ ದಿನ ನಿಲ್ಲಿಸಬಹುದಿತ್ತಲ್ಲ ಎನ್ನುತ್ತೀರಿ. ಹೇಳುವ ಮುಖ ಯಾರಿಗೂ ಇರಲಿಲ್ಲ. ಅವನ ಒಬ್ಬಳೇ ಮಗಳು ಶಾಂತವ್ವ ಅಪ್ಪನ ಮಾತು ಮೀರಿ ಮಾಸ್ತರರ ತಮ್ಮನನ್ನು ಮದುವೆಯಾಗಿದ್ದಳು. ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಅಪ್ಪನ ಒಂದು ಮಾತಿಗೆ ಆಕೆ ಹಂಬಲಿಸುತ್ತಿದ್ದುದು ನಮಗೆಲ್ಲ ಗೊತ್ತಿತ್ತು.

ಒಮ್ಮೆ ಕಳಿಸಿದ ಟೇಪು ಹಾಳಾಗಿ, ಅಮಾವಾಸ್ಯೆ ಕಾಯದೆ ಇನ್ನೊಂದು ಮಾಡಬೇಕಾಯಿತು. ನಾನು ಉಪದೇಶ ಶುರುಮಾಡಿದೆ; ಗೋಡೆಯಾಚೆ ಮಗ್ಗ ನಡೆದೇ ಇತ್ತು. ಮಾಸ್ತರರು ಹಣೆ ಹಣೆ ಬಡಿದುಕೊಂಡರು. ಆಮೇಲೆ ಶಾಂತವ್ವ ಬೈಬಲ್ಲಿನ ವೇದಪಾಠ ಓದಲು ಕೂತಳು. ಎರಡು ಸಾಲು ಓದಿರಬೇಕು, ಮಗ್ಗ ನಿಂತಿತು. ಆಕೆ ಮುಗಿಸಿದಳು, ಮಗ್ಗ ಶುರುವಾಯಿತು. ನಾನು ಮತ್ತೆ ಬಾಯಿ ತೆರೆದೆ. ಅದು ನನಗೆ ಕಿಮ್ಮತ್ತು ಕೊಡಲಿಲ್ಲ. ಮಾಸ್ತರರು ವ್ಯವಹಾರ ಬಲ್ಲವರು. ಅಂದಿನಿಂದ ಉಪದೇಶ ಬರೆಯುವವನು ನಾನು, ಓದುವವಳು ಶಾಂತವ್ವ. ನನಗೆ ಬಹಳ ಸಿಟ್ಟು ಬಂದಿತ್ತು. ಆ ಮುನಿಸು ಸ್ವಲ್ಪ ಉಳಿದೂ ಇತ್ತು, ನಿನ್ನೆಯವರೆಗೆ.

ಆಕೆ ಓದುತ್ತಿದ್ದುದು ಮಾತ್ರ ಬಸ್ಸು ತಪ್ಪೀತೆನ್ನುವವರ ಅವಸರದಲ್ಲಿ. ಮಗ್ಗ ಯಾವಾಗ ಶುರುವಾದೀತೋ ಎಂಬ ಅಂಜಿಕೆ, ಅಪ್ಪನ ಕೆಲಸ ಕೆಡುತ್ತದೆಂಬ ಅಳುಕು. ಒಂದು ದಿನ ಉಸಿರು ಸಾಲದೆ ತೊದಲಿ ನಿಂತುಬಿಟ್ಟಳು. ಗೋಡೆಯಾಚೆಯಿಂದ ಈರಪ್ಪನ ಒರಟು ದನಿ ಬಂತು:

"ಸಾವಕಾಶ ಓದವಾ. ನಾ ಮಗ್ಗ ಹಚ್ಚಂಗಿಲ್ಲ."

ಟೇಪು ತಿರುಗುತ್ತಲೇ ಇತ್ತು. ಅಳಿಸಲೆಂದು ಮಾಸ್ತರರು ಕೈ ಚಾಚಿದರು.

"ಅದನ್ನ ಅಳಸಬ್ಯಾಡ್ರಿ ಭಾವಾರ" ಎಂದಳು ಶಾಂತವ್ವ. ಕಣ್ಣೊರೆಸಿಕೊಂಡು ನಿಧಾನವಾಗಿ ಮುಂದೆ ಓದಿದಳು. ಟೇಪು ಹಾಗೆಯೇ ಹೋಯಿತು.

ಅದು ಪ್ರಸಾರವಾದ ಸಂಜೆ ಆಕೆ ರೇಡಿಯೋ ಎತ್ತಿಕೊಂಡು ಸುತ್ತು ಹಾಕಿ ಅಪ್ಪನ ಮನೆಗೆ ಹೋದಳು. ನಾನೂ ಮಾಸ್ತರರೂ ಮರ್ಯಾದೆ ಬಿಟ್ಟು ಕೌದಿಗೆ ಕಿವಿ ಹಚ್ಚಿ ನಿಂತೆವು. ತನ್ನ ದನಿ ತನಗೇ ಗುರುತು ಸಿಗದೆ ಈರಪ್ಪ ಗದರಿದ್ದು ಕೇಳಿತು: "ಯಾರಂವಾ, ನಡುವ ಬಾಯಿ ಹಾಕಾಂವಾ?" ಶಾಂತವ್ವ ಏನೋ ಅಂದಳು. ಕೌದಿ ಅಂದು ಮೊದಲ ಸಲ ತನ್ನ ಕೆಲಸ ಸರಿಯಾಗಿ ಮಾಡಿತು.

ಎಂಬತ್ತರ ದಶಕದಲ್ಲಿ ಮನೆಮನೆಗೆ ಕ್ಯಾಸೆಟ್ಟು ಬಂದು ಸ್ಟೇಷನ್ ಮುಚ್ಚಿತು. ಈರಪ್ಪನೂ ಇಲ್ಲ, ಮಾಸ್ತರರೂ ಇಲ್ಲ. ನಿನ್ನೆ ಕರೆಂಟು ಬರುವ ಲಕ್ಷಣ ಕಾಣದೆ ಶಾಂತವ್ವನ ಮನೆಯತ್ತ ನಡೆದೆ. ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ.

"ಅವತ್ತ ಅಪ್ಪನ ಮುಂದ ಏನಂದಿ?"

"ಏನೂ ಇಲ್ರಿ. ಬಾಯಿ ಒಣಗಿತ್ತು, ನೀರು ಬೇಡಿದೆ. ತಾನ ಎದ್ದು ತಂಬಿಗಿ ತುಂಬಿ ಕೊಟ್ಟ."