ಮಾಳಿಗೆಯ ಮಣ್ಣು ಇಳಿಸುವ ಪ್ರಯಾಗಬಾಯಿ

ಮಾಳಿಗೆಗೆ ಹಾಕುವ ಬಿಳಿ ಕರಲು ಮಣ್ಣಿಗೆ ನೀರು ಬಿದ್ದಾಗ ಏಳುವ ವಾಸನೆ ಮೊದಲ ಮಳೆಯ ನೆಲದ ವಾಸನೆಯಲ್ಲ. ಅದರಲ್ಲಿ ತುಸು ಉಪ್ಪಿದೆ, ಗೋಧಿ ಹೊಟ್ಟಿನ ಒಣ ಘಮವಿದೆ, ಬರಿದಾದ ಜೋಳದ ಹಗೇವಿಗೆ ಬಗ್ಗಿದರೆ ಮುಖಕ್ಕೆ ಬಡಿಯುವಂಥ ಬಿಸಿಯಿದೆ. ನಾನು ಹುಡುಗಿಯಾಗಿದ್ದಾಗ ಮೃಗಶಿರ ಮಳೆಗೆ ಎಂಟು ದಿನ ಮುಂಚೆ ಊರಿನ ಪ್ರತಿ ಮಾಳಿಗೆಯ ಮೇಲೂ ಈ ವಾಸನೆ ಏಳುತ್ತಿತ್ತು. ಹೊಸ ಮಣ್ಣು ಬಿದ್ದ ರಾತ್ರಿ ನಮ್ಮಜ್ಜಿ, ಇನ್ನು ಈ ವರ್ಷ ಸೋರುವುದಿಲ್ಲ ಎಂದು ನಿಶ್ಚಿಂತೆಯಿಂದ ನಿದ್ದೆಹೋಗುತ್ತಿದ್ದರು. ಮಕ್ಕಳಾದ ನಮಗೆ ಅದು ಕ್ಷೇಮದ ವಾಸನೆ.

ಈಗ ಆ ವಾಸನೆ ಬಂದರೆ ತಲೆಯೆತ್ತಿ ಸೂರು ನೋಡುತ್ತೇನೆ. ತೇರಣಾ ನದಿಯ ಈ ದಂಡೆಯಲ್ಲಿ ನನ್ನ ವಯಸ್ಸಿನವರೆಲ್ಲ ಹಾಗೆಯೇ.

ಪಿಂಪಳವಾಡಿಯ ಮನ್ಮಥಪ್ಪಾ ಬಿರಾಜದಾರರ ಮನೆಯ ಮಾಳಿಗೆಯ ಮೇಲೆ ಬೆಳಗಿನ ಐದೂವರೆಗೇ ಪ್ರಯಾಗಬಾಯಿ ಸರವದೆ ನಿಂತಿದ್ದಾರೆ. ಅರವತ್ತಮೂರು ವರ್ಷ. ಕಚ್ಚೆ ಹಾಕಿದ ಸೀರೆ, ಮೂಗು ಬಾಯಿ ಮುಚ್ಚಿ ಕಟ್ಟಿದ ಹಳೆಯ ಪಂಚೆ, ತಲೆಯ ಮೇಲೆ ಸಿಂಬೆ. ಕೈಯಲ್ಲಿ ಒಂದು ಕಬ್ಬಿಣದ ಸರಳು. ಅದನ್ನು ಮಾಳಿಗೆಯ ನಡುವೆ ಊರಿ ಮೈಭಾರ ಬಿಡುತ್ತಾರೆ. ಸರಳು ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಕೊನೆಗೆ ಹಲಗೆಗೆ ತಾಗಿ ಟಕ್ಕೆನ್ನುತ್ತದೆ. ಮೇಲೆಳೆದು ಕೈಯಿಂದ ಅಳೆದು, ಕೆಳಗೆ ನಿಂತ ನನಗೆ ಹೇಳುತ್ತಾರೆ: "ಎರಡು ಮೊಳಕ್ಕ ನಾಕು ಬೆರಳು ಕಮ್ಮಿ, ಬಾಯಿ. ಈ ಒಂದು ಖೋಲಿ ಮ್ಯಾಲೇ ಎರಡು ಲಾರಿ ಮಣ್ಣದ."

ಅವರ ಜೊತೆ ಹದಿನೈದು ವರ್ಷದಿಂದ ಬುಟ್ಟಿ ಹೊರುತ್ತಿರುವ ಹಲೀಮಾ ಮಾಳಿಗೆಯ ಇನ್ನೊಂದು ತುದಿಯಲ್ಲಿ ಸಲಿಕೆ ಒರೆಸುತ್ತ ನಗುತ್ತಾರೆ. "ಎರಡು ಲಾರಿ ಮಾಳಗಿ ಮ್ಯಾಲ. ಇನ್ನೊಂದು ಲಾರಿ ಅಪ್ಪಾನ ತಲಿಯೊಳಗ."

ಮಾಳಿಗೆಯ ಬೆಳಕಿಂಡಿಯಿಂದ, ನೆಲದೊಳಗಿಂದ ಎದ್ದಂತೆ, ದನಿ ಬರುತ್ತದೆ: "ಕೇಳಸ್ತದ ನನಗ, ಹಲೀಮಾ. ಕಿವಿ ಇನ್ನಾ ನೆಟ್ಟಗವ."

ಅದು ಮನ್ಮಥಪ್ಪಾ. ಎಪ್ಪತ್ತೊಂಬತ್ತು ವರ್ಷದ ಅವರು ಆ ಎರಡು ಲಾರಿ ಮಣ್ಣಿನ ಕೆಳಗೆ ತಮ್ಮ ಹೊರಸಿನ ಮೇಲೆ ಕುಳಿತಿದ್ದಾರೆ. ಏಳುವುದಿಲ್ಲ ಎನ್ನುತ್ತಾರೆ. ಅವರು ಏಳದ ಹೊರತು ಪ್ರಯಾಗಬಾಯಿ ಸಲಿಕೆ ಹಾಕುವುದಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿದೆ.

ಮೂರು ಕೋಣೆಗಳ ಮನೆ ಇದು. ಹೋಳಿಯ ಸುಮಾರಿಗೆ ಒಂದು ಬೆಳಿಗ್ಗೆ ನೆಲ ಅಲುಗಿ ಪಾತ್ರೆಗಳು ಗಲಗಲ ಎಂದು, ಬಾಗಿಲ ಮೇಲಿನ ಗೋಡೆಯಲ್ಲಿ ಬಿರುಕು ಬಿಟ್ಟಿತು. ಸೊಸೆ ಉಜ್ಜ್ವಲಾ ಅದರಲ್ಲಿ ಬೆರಳು ಇಟ್ಟು ನೋಡಿದಳು. ಬೆರಳು ಒಳಗೆ ಹೋಯಿತು. ಗಂಡನಿಗೆ ಹೇಳಿ ಪ್ರಯಾಗಬಾಯಿಗೆ ಕರೆ ಕಳಿಸಿದವಳು ಅವಳೇ. ಹತ್ತು ದಿನಗಳಲ್ಲಿ ಅಡುಗೆಮನೆಯ ಮೇಲಿನದೂ ಮಕ್ಕಳು ಮಲಗುವ ಕೋಣೆಯ ಮೇಲಿನದೂ ಇಳಿದಿದೆ. ಅಂಗಳದ ಬೇವಿನ ಮರದ ಸೊಂಟದವರೆಗೆ ಮಣ್ಣಿನ ಗುಡ್ಡೆ. ಉಳಿದದ್ದು ಮಾವನವರ ಕೋಣೆ. ಇದ್ದುದರಲ್ಲಿ ಅದೇ ಹೆಚ್ಚು ದಪ್ಪ. ಮೃಗಶಿರಕ್ಕೆ ಇನ್ನು ಆರೇ ದಿನ. ಮಣ್ಣು ನೆನೆದರೆ ಭಾರ ಎಷ್ಟೋ ಪಾಲು ಹೆಚ್ಚುತ್ತದೆ. ಆಮೇಲೆ ದೀಪಾವಳಿಯವರೆಗೆ ಮಾಳಿಗೆ ಹತ್ತುವ ಹಾಗಿಲ್ಲ.

ಈ ಕೆಲಸಕ್ಕೆ ಒಂದು ಹೆಸರೂ ಇಲ್ಲ. ಮಾಳಿಗೆಗೆ ಮಣ್ಣು ಹಾಕುವುದು ಗೊತ್ತು. ಇಳಿಸುವುದನ್ನು ಯಾರು ಕೇಳಿದ್ದರು? ಗಾರೆಯವರು ಇದನ್ನು ಮುಟ್ಟುವುದಿಲ್ಲ. ಯಂತ್ರ ತಂದರೆ ಗೋಡೆಯೇ ಕುಸಿಯುತ್ತದೆ. ಗುದ್ದಲಿ ಎತ್ತಿ ಹೊಡೆಯುವಂತಿಲ್ಲ, ನೀರು ಚಿಮುಕಿಸುವಂತಿಲ್ಲ. ನಡುವಿನಿಂದ ಶುರುಮಾಡಿ ನಾಲ್ಕೂ ಕಡೆ ಸಮವಾಗಿ, ಹಪ್ಪಳ ಎಬ್ಬಿಸಿದಂತೆ ಒಂದೊಂದೇ ಪದರ ಎಬ್ಬಿಸಬೇಕು. ಒಂದು ಕಡೆ ಹಗುರವಾಗಿ ಇನ್ನೊಂದು ಕಡೆ ಭಾರ ಉಳಿದರೆ ತೊಲೆ ಹೊರಳುತ್ತದೆ. ಸೂರ್ಯ ಏರುವ ಮುಂಚೆ ಇಬ್ಬರೂ ಸೇರಿ ನೂರು ಬುಟ್ಟಿ, ಸಂಜೆಯ ತಂಪಿಗೆ ಇನ್ನೊಂದು ನೂರೈವತ್ತು. ಬುಟ್ಟಿಗೆ ಹದಿನೈದು ಕಿಲೋ. ಒಂದು ಕೋಣೆ ಬರಿದಾಗಲು ಐದು ದಿನ. ಮೇಲೆ ನಾಲ್ಕು ಬೆರಳು ಮಣ್ಣು ಮಾತ್ರ ಬಿಟ್ಟು, ತಗಡು ಹೊದಿಸಿ ಕಟ್ಟುವುದು ಮನೆಯವರ ಕೆಲಸ.

ಕತ್ತರಿಸಿದ ಅಂಚಿನಲ್ಲಿ ಪದರಗಳು ಕಾಣುತ್ತವೆ. ಪ್ರಯಾಗಬಾಯಿ ಅವನ್ನು ಓದುತ್ತಾರೆ. "ಈ ಕೆಂಪಂದು ನೋಡ್ರಿ, ಆ ವರ್ಷ ಬಿಳಿಮಣ್ಣು ಸಿಗಲಿಲ್ಲ. ಇದರಾಗ ಹೊಟ್ಟೇ ಇಲ್ಲ, ಅಂದ್ರ ಬರಗಾಲ, ದನಕ್ಕೇ ಸಾಲಲಿಲ್ಲ. ಇದು ನಮ್ಮ ಅತ್ತಿ ಕೈ. ಆಕಿ ಬಡಿತ ಗಟ್ಟಿ." ಆಮೇಲೆ ತುಸು ಕೆಳದನಿಯಲ್ಲಿ, "ಇಲ್ಲಿಂದ ಮ್ಯಾಲಿಂದು ನಂದು."

ಮದುವೆಯಾಗಿ ಉಂಬರವಾಡಿಗೆ ಬಂದಾಗ ಅವರಿಗೆ ಹದಿನೆಂಟು ತುಂಬಿರಲಿಲ್ಲ. ಉಂಬರವಾಡಿ ಇಲ್ಲಿಗೆ ಎರಡು ಮೈಲಿ. ಸುತ್ತಲಿನ ಐದು ಊರುಗಳ ವಾಡೆಗಳಿಗೆ, ಎಂದರೆ ಕಲ್ಲಿನ ದೊಡ್ಡ ಮನೆಗಳಿಗೆ, ಬೇಸಿಗೆಯ ಕೊನೆಗೆ ಮಣ್ಣು ಹೊತ್ತು ಬಡಿಯುವುದು ಅತ್ತೆಯ ಕೆಲಸವಾಗಿತ್ತು. ಅದು ಸೊಸೆಗೆ ಬಂತು. ಏಣಿಯಿಂದ ಹೊರಗೇ ಹತ್ತಿ, ಹೊರಗೇ ಇಳಿಯುವುದು; ಅವರ ಜಾತಿಯವರನ್ನು ಒಳಗೆ ಬಿಡುತ್ತಿರಲಿಲ್ಲ. ಒಂದು ಕೋಣೆಗೆ ವರ್ಷಕ್ಕೆ ಎಂಬತ್ತು ಬುಟ್ಟಿ. ಹಳೆಯದನ್ನು ಯಾರೂ ತೆಗೆಸುತ್ತಿರಲಿಲ್ಲ, ಮೇಲೆ ಹೊಸದು ಬೀಳುತ್ತಿತ್ತು. ಮಣ್ಣು ಹೆಚ್ಚಿದಷ್ಟೂ ಕೆಳಗೆ ತಂಪು. ಮಣ್ಣು ಹೆಚ್ಚಿದಷ್ಟೂ ಮನೆತನ ಹಳೆಯದು.

ಇದು ಕಪ್ಪು ಕಲ್ಲಿನ ನೆಲ, ಅಲುಗುವುದಿಲ್ಲ ಎಂದೇ ಎಲ್ಲರ ನಂಬಿಕೆಯಾಗಿತ್ತು. "ಹಾವು ಕಡಿದ್ರ ಏನ್ ಮಾಡಬೇಕು ನಮಗ ಗೊತ್ತು. ಸಿಡಿಲು ಹೊಡದ್ರ ಎಲ್ಲಿ ನಿಂದರಬಾರದು ಗೊತ್ತು," ಎನ್ನುತ್ತಾರೆ ಪ್ರಯಾಗಬಾಯಿ. "ನೆಲ ಅಲುಗ್ಯಾಡಿದ್ರ ಯಾವ ಕಡೆ ಓಡಬೇಕು ಅಂತ ಯಾವ ಮುದುಕೀನೂ ಹೇಳಿರಲಿಲ್ಲ. ಮುದುಕೇರಿಗೇ ಗೊತ್ತಿರಲಿಲ್ಲಲ್ಲ."

ತೊಂಬತ್ತಮೂರರಲ್ಲಿ ಗಣಪತಿ ಕಳಿಸಿದ ಮರುದಿನ ನಸುಕಿಗೆ ಭೂಕಂಪ ಬಂತು. ಅದರ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ಬೇವಿನ ಕೆಳಗೆ ನೀರು ಕುಡಿಯಲು ಕುಳಿತಾಗ, ನಾನು ಕೇಳದೆಯೇ ಇಷ್ಟು ಹೇಳಿದರು:

"ನಮ್ದು ಹುಲ್ಲಿನ ಗುಡಿಸಲ. ಮಳಿಗೆ ಸೋರತಿತ್ತು. ನನ್ನ ಮಗಳು ಲೋಚನಾಗ ಒಂಬತ್ತು ವರ್ಷ, ಮೈ ಬೆಚ್ಚಗಿತ್ತು. ಅವರಪ್ಪ ವಾಡೇದಾಗ ಆಳು, ಅಲ್ಲೇ ಹೊರಗಿನ ಪಡಸಾಲ್ಯಾಗ ಮಲಗತಿದ್ರು. ನಾನೇ ಕಳಿಸಿದ್ನಿ, ಬಾಯಿ. ಹೋಗವ್ವ, ಅಪ್ಪನ ಬಾಜೂಕ ಮಲಕೋ, ಗಟ್ಟಿ ಮನಿ, ಒಂದು ಹನಿ ಬೀಳಂಗಿಲ್ಲ ಅಂದ್ನಿ. ನಾನೇ ಬಡದಿದ್ದ ಮಾಳಗಿ ಅದು, ನನಗ ಭರವಸಿ ಇತ್ತು." ಲೋಟದಲ್ಲಿ ಉಳಿದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದರು. "ಅವರಿಬ್ಬರ ಮ್ಯಾಲ ಆ ಮಾಳಗಿ ಬಿತ್ತು. ಗುಡಿಸಲನೂ ನನ್ನ ಮ್ಯಾಲ ಬಿತ್ತು. ಹುಲ್ಲು ಸರಿಸಿ ಎದ್ದು ಹೊರಗ ಬಂದ್ನಿ. ಮೈಮ್ಯಾಲ ಒಂದು ಗೀರಿಲ್ಲ."

ಸೀರೆಯ ಮಣ್ಣು ಕೊಡವಿಕೊಂಡು ಎದ್ದರು. ಹಲೀಮಾ ಅವರ ಸಿಂಬೆ ಬಿಚ್ಚಿ, ಹಸಿಬಟ್ಟೆ ಸೇರಿಸಿ ಮತ್ತೆ ಸುತ್ತಿ ಕೊಟ್ಟರು.

ಆ ವರ್ಷ ಊರಿಗೆ ಬಂದ ಎಂಜಿನಿಯರ್ ಹುಡುಗಿಯೊಬ್ಬಳು ಬಿದ್ದ ವಾಡೆಗಳ ನಡುವೆ ಅವರ ಬುಟ್ಟಿಯನ್ನು ತಕ್ಕಡಿಗಿಟ್ಟು ತೂಗಿ, ವರ್ಷಕ್ಕೆ ಎಷ್ಟು ಬುಟ್ಟಿ ಎಂದು ಕೇಳಿ, ಕಾಗದದ ಮೇಲೆ ಕೂಡಿಸಿ ತೋರಿಸಿದಳಂತೆ. "ಅಲ್ಲೀತನಕ ಬುಟ್ಟಿ ಬುಟ್ಟಿ ಹೊತ್ತಿದ್ನಿ, ಒಟ್ಟು ಎಷ್ಟು ಅಂತ ನಾ ಎಂದೂ ಕೇಳಿರಲಿಲ್ಲ. ಅವತ್ತು ನೆಲಕ್ಕ ಕುಂತು ಬಿಟ್ನಿ." ಎರಡು ವರ್ಷದ ಬಳಿಕ ಆಕೆಯಿಂದಲೇ ಇಳಿಸುವ ಕ್ರಮ ಕಲಿತರು. ಆಗಿನಿಂದ ಪ್ರತಿ ಬೇಸಿಗೆ ಇದೇ ಕೆಲಸ.

"ನಾ ಮಣ್ಣು ಹಾಕಿದ್ದು ನಲವತ್ತೊಂದು ಮನಿ," ಎನ್ನುತ್ತಾರೆ. "ಇಳಿಸಿದ್ದು ಇಪ್ಪತ್ತಾರು. ಒಂಬತ್ತು ಅವತ್ತು ತಾವೇ ಇಳದ್ವು. ಇನ್ನಾ ಆರು ಉಳದಾವ." ಮನ್ಮಥಪ್ಪಾ ಅವರದು ಆ ಆರರಲ್ಲೊಂದು. ಮೂರು ವರ್ಷದಿಂದ ಬೇಸಿಗೆಗೊಮ್ಮೆ ಪ್ರಯಾಗಬಾಯಿ ಬಂದು ಕೇಳಿ, ಬೈಸಿಕೊಂಡು ಹೋಗಿದ್ದಾರೆ. ಅವರಿಗೆ ರಾತ್ರಿ ಕೆಮ್ಮು ಬಿಡುವುದಿಲ್ಲ. ಎದೆಯಲ್ಲಿ ಧೂಳು ಕುಳಿತಿದೆ, ಬಿಟ್ಟುಬಿಡು ಎಂದು ಡಾಕ್ಟರು ಹೇಳಿದ್ದಾರೆ. "ಆರು ಮುಗೀಲಿ ಅಂದೀನಿ. ಅಷ್ಟೇ ಆಸೆ. ಆಮ್ಯಾಲ ಎದಿ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಪಿಂಪಳವಾಡಿಯಲ್ಲಿ ಆ ದಿನ ಗೋಡೆಗಳು ಬಿರಿದವು, ಯಾರೂ ಸಾಯಲಿಲ್ಲ. ಇಲ್ಲಿನ ಮಾಳಿಗೆಗಳ ಮೇಲೆ ಇನ್ನೂ ಮಣ್ಣು ಉಳಿದಿರುವುದು ಅದಕ್ಕೇ.

ಪ್ರಯಾಗಬಾಯಿ ಮತ್ತೆ ಏಣಿ ಹತ್ತುತ್ತಾರೆ. ಒಳಗಿನಿಂದ ಗದರಿಕೆ: "ಮೂರನೇ ಮೆಟ್ಟಲ ಸಡಲದ. ನೋಡ್ಕೊಂಡು ಕಾಲಿಡು. ಬಿದ್ದು ನನ್ನ ಕೊರಳಿಗೆ ಕಟ್ಟಬ್ಯಾಡ."

"ನೋಡೀನಿ, ಅಪ್ಪಾ." ಬೆಳಕಿಂಡಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ಅವರು ಒಳಗೆ ಬಗ್ಗುತ್ತಾರೆ. "ಹೊರಗ ಬರ್ರಿ. ಮಳಿ ಬರ್ತದ."

"ಬರಲಿ. ನನ್ನ ಮಾಳಗಿ ಸೋರಂಗಿಲ್ಲ."

"ಸೋರೂದರ ಮಾತಲ್ಲ ಇದು."

"ತೊಂಬತ್ಮೂರಾಗ ಬೀಳಲಿಲ್ಲ, ಈಗ ಬೀಳ್ತದೇನು? ತಗಡಿನ ಕೆಳಗ ಮನುಷ್ಯಾ ಸುಟ್ಟ ಬದನಿಕಾಯಿ ಆಗ್ತಾನ. ನನ್ನ ಮದುವಿಗೆ ಹೆಣ್ಣಿನ ಕಡೆಯವರು ಬಂದಾಗ ನನ್ನ ಮಾರಿ ನೋಡಲಿಲ್ಲ, ಗೊತ್ತೇನು? ಮೊದಲ ಮಾಳಗಿ ಹತ್ತಿ ಮೊಳ ಹಾಕಿದ್ರು."

"ಮಾರಿ ನೋಡಿದ್ರ ಹೆಣ್ಣು ಕೊಡತಿರಲಿಲ್ಲ ಬಿಡ್ರಿ," ಎನ್ನುತ್ತಾರೆ ಹಲೀಮಾ.

ಕೆಳಗೆ ನಗು ಇಲ್ಲ. ಮನ್ಮಥಪ್ಪಾ ಬೇರೆ ದನಿಯಲ್ಲಿ ಕೇಳುತ್ತಾರೆ: "ಹಾಕಿದಾಕಿನೂ ನೀನೇ, ತಗಿಯಾಕಿನೂ ನೀನೇ. ಆವಾಗ ನಿನ್ನ ಮಾತು ಖರೇ ಅಂತ ನಂಬಿದ್ವಿ. ಈಗ ಯಾವುದು ನಂಬಲಿ?"

ಪ್ರಯಾಗಬಾಯಿ ಬೆಳಕಿಂಡಿಯ ಅಂಚಿನ ಮಣ್ಣು ಒಳಗೆ ಉದುರದಂತೆ ಅಂಗೈಯಿಂದ ಹಿಂದಕ್ಕೆ ಸವರುತ್ತಾರೆ.

"ಆವಾಗ ನಾನೂ ನಂಬಿದ್ನಿ, ಅಪ್ಪಾ," ಎಂದು ಹೇಳುತ್ತಾರೆ.

ಗುಡುಗು ದೂರದಲ್ಲಿ ಒಮ್ಮೆ ಉರುಳುತ್ತದೆ. ಆ ಸದ್ದಿಗೆ ಮಾಳಿಗೆಯ ಮೇಲಿನ ಇಬ್ಬರೂ ಪಾದ ನೆಲಕ್ಕೊತ್ತಿ ನಿಂತದ್ದನ್ನು ಕಂಡೆ. ಇಲ್ಲಿಯವರು ಗುಡುಗನ್ನು ಮೊದಲು ಕಾಲಿನಿಂದ ಕೇಳುತ್ತಾರೆ.

ಉಜ್ಜ್ವಲಾ ನೆರೆಮನೆಯಿಂದ ಬರುತ್ತಾಳೆ. ಅಡುಗೆಮನೆಯಲ್ಲಿ ಧೂಳು ತುಂಬಿರುವುದರಿಂದ ನಿನ್ನೆಯಿಂದ ಒಲೆ ಹಚ್ಚಿಲ್ಲ. ಅವಳೂ ಮಕ್ಕಳೂ ನೆರೆಮನೆಯಲ್ಲೇ ಉಣ್ಣುತ್ತಿದ್ದಾರೆ. ಮಾವನವರು ಅಲ್ಲಿಗೆ ಹೋಗಲೊಲ್ಲರು, ತಂದುಕೊಟ್ಟ ಊಟ ಮುಟ್ಟಲೊಲ್ಲರು. "ನಿನ್ನೆ ಮಧ್ಯಾಹ್ನದಿಂದ ಬರೇ ಚಹಾದ ಮ್ಯಾಲ ಇದ್ದಾರ, ಮಾವಶಿ," ಎಂದು ಮಾಳಿಗೆಯ ಮೇಲಿನ ಪ್ರಯಾಗಬಾಯಿಯತ್ತ ನೋಡಿ ಹೇಳುತ್ತಾಳೆ. "ನಾ ಕೂಸುಗಳ ಸಲುವಾಗಿ ಮಾಡಿದ್ನಿ. ಇವರನ್ನ ಉಪವಾಸ ಕೆಡವಲಿಕ್ಕಲ್ಲ."

ಪ್ರಯಾಗಬಾಯಿ ಸರಳು ಮಲಗಿಸಿ ಇಳಿದು ಬರುತ್ತಾರೆ. ಕೈ ತೊಳೆದು, ಬೇವಿನ ಕೊಂಬೆಗೆ ಕಟ್ಟಿದ ತಮ್ಮ ಗಂಟು ಬಿಚ್ಚುತ್ತಾರೆ. ಜೋಳದ ಭಕ್ಕರಿ ಮೂರು, ಹಸಿಮೆಣಸಿನಕಾಯಿ ಖಾರ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಗುದ್ದಿ ಒಡೆದು, ಎರಡು ಭಕ್ಕರಿಯ ಮೇಲೆ ಖಾರದ ಜೊತೆ ಇಟ್ಟುಕೊಂಡು, ಆ ಕೋಣೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ಈಚೆಗೆ ನಿಲ್ಲುತ್ತಾರೆ.

"ಅಪ್ಪಾ, ಭಕ್ಕರಿ."

ಕತ್ತಲೆಯಿಂದ ದನಿ ಬರುತ್ತದೆ. "ನಿನ್ನ ಬುತ್ತೀನೇನು?"

"ಹೂಂ. ನನ್ನ ಕೈಯಿಂದು. ನಡೀತದೇನು?"

"ಇಷ್ಟು ದಿನ ನಡದಿಲ್ಲ." ಎನ್ನುತ್ತಾರೆ ಮನ್ಮಥಪ್ಪಾ. "ಇಲ್ಲಿ ತಾ."

"ನಾ ಒಳಗ ಬರಂಗಿಲ್ಲ. ಮೊದಲ ನೀವು ಬಿಡತಿರಲಿಲ್ಲ. ಈಗ ಕರದ್ರೂ ನಾ ಮಣ್ಣಿನ ಮಾಳಗಿ ಕೆಳಗ ಕಾಲಿಡಂಗಿಲ್ಲ. ಮೂವತ್ತು ವರ್ಷ ಆತು."

ಹೊರಸು ಕಿರುಗುಟ್ಟುತ್ತದೆ. ಕೋಲಿನ ಸದ್ದು ನೆಲದ ಮೇಲೆ ನಿಧಾನವಾಗಿ ಬರುತ್ತದೆ. ಮನ್ಮಥಪ್ಪಾ ಹೊಸ್ತಿಲಿಗೆ ಬಂದು, ಬಿರುಕಿನ ಕೆಳಗೆ ನಿಂತು ಕೈ ಚಾಚುತ್ತಾರೆ. ಪ್ರಯಾಗಬಾಯಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಮುದುಕರ ಹಸ್ತ ಗಾಳಿಯಲ್ಲೇ ಉಳಿಯುತ್ತದೆ. ಅವರು ಪ್ರಯಾಗಬಾಯಿಯ ಮುಖ ನೋಡುತ್ತಾರೆ, ಬಗೆದ ಅಡುಗೆಮನೆಯ ಮಾಳಿಗೆ ನೋಡುತ್ತಾರೆ, ಬೈಯಲು ಬಾಯಿ ತೆರೆದು ಮುಚ್ಚುತ್ತಾರೆ. ಆಮೇಲೆ ಕೋಲು ಮುಂದಿಟ್ಟು ಹೊಸ್ತಿಲು ದಾಟಿ ಬಯಲಿಗೆ ಬರುತ್ತಾರೆ. ಮೇಲೆ ಹಲೀಮಾ ಸದ್ದಿಲ್ಲದೆ ಸಲಿಕೆ ಕೈಗೆ ತೆಗೆದುಕೊಳ್ಳುತ್ತಾರೆ. ಪ್ರಯಾಗಬಾಯಿ ಎರಡೂ ಭಕ್ಕರಿಗಳನ್ನು ಮುದುಕರ ಕೈಯಲ್ಲಿಡುತ್ತಾರೆ.